ಕಲ್ಲುಕಣಿವೆಯ ಓಬರ್ಲಿನ್ ಅಯ್ಯನವರು

ಲೋಕವನ್ನು ಉಂಟುಮಾಡಿದವನು ಯಾರೆಂದು ನಮ್ಮ ಸಭೆಗಳ ಮಕ್ಕಳನ್ನು ಕೇಳಿದರೆ ದೇವರೆಂದು ಅವರು ತಡವಿಲ್ಲದೆ ಹೇಳುವರು. ಹುಲ್ಲೂ ಪೈರೂ ಫಲವೃಕ್ಷಗಳೂ ಯಾವ ದಿನದಲ್ಲಿ ಹುಟ್ಟಿದವೆಂದು ಕೇಳಿದರೆ ಮೂರನೆಯ ದಿನದಲ್ಲಿ ಎಂದು ಕೈಯೆತ್ತಿ ಉತ್ತರ ಕೊಡುವರು. ಆದರೆ ಅದೇ ಮಕ್ಕಳು ಭಾನುವಾರದ ಶಾಲೆ ಬಿಟ್ಟು ಮನೆಗೆ ಹೋಗುವಾಗ ದಾರಿಯಲ್ಲಿರುವ ಬೇವಿನ ಸಸಿಯ ಕುಡಿಯನ್ನು ಚಿವುಟಿ ಎಸೆದರೆ, ಇಲ್ಲವೆ ಗುಬ್ಬಿಯ ಗೂಡಿಗೆ ಕೈ ಹಾಕಿ ಮೊಟ್ಟೆಗಳನ್ನು ಒಡೆದರೆ, ಅದು ಅವರು ಈಗತಾನೇ ಒಪ್ಪಿಸಿದ ಪಾಠಕ್ಕೆ ವಿರೋಧವಾದದ್ದೆಂದು ನಮ್ಮ ಹಿರಿಯರಲ್ಲಿ ಎಷ್ಟು ಮಂದಿ ಅವರಿಗೆ ತಿಳಿಸುತ್ತೇವೆ? ಸೃಷ್ಟಿಕರ್ತನನ್ನು ಬಾಯಿಂದ ಸ್ತುತಿಸಿ ಆತನ ಸೃಷ್ಟಿಯನ್ನು ಕೈಯಿಂದ ಕೆಡಿಸುವದು ಒಂದೇ ಮನೆಯಲ್ಲಿ ನಡೆಯುತ್ತಿರುವದನ್ನು ಕಂಡರೂ ನಾವು ಸುಮ್ಮನಿರುತ್ತೇವೆ.

ಧಾರವಾಡ ಜಿಲ್ಲೆಯ ಕುಂದಗೋಳ ಸೀಮೆಗೆ ಸೇರಿದ ಕುಬಿಹಾಳ ಮೊದಲಾದ ಎರೆನೆಲದ ಊರುಗಳವರಿಗೆ ಮಣ್ಣಿನ ಬೆಲೆ ಎಷ್ಟೆಂದು ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಆ ನೆಲವು ಕೈ ಹಿಡಿಸುವಷ್ಟು ಅಗಲವಾಗಿ ಬಿರಿಯುತ್ತದೆ. ಮುಂಗಾರಿನ ಮೊದಲನೆಯ ಬಿರುಮಳೆ ಬಿದ್ದ ಕೂಡಲೆ ಒಡ್ಡಿಲ್ಲದ ಹೊಲದ ಮೇಲ್ಮಣ್ಣು ತೊಳೆದು ಹಳ್ಳ ಸೇರುತ್ತದೆ. ಬೆಣ್ಣಿಹಳ್ಳವು ಕಪ್ಪಗೆ ತುಂಬಿ ಹರಿಯುವಾಗ ಅದರಲ್ಲಿ ಹೋಗುವದು ಬರೀ ನೀರಲ್ಲ, ನಮ್ಮ ಮಕ್ಕಳ ಮುಂದಣ ಅನ್ನವೂ ಹೋಗುತ್ತದೆ. ಆದರೂ ಗಿಡ ನೆಡುವದೂ ಮಣ್ಣು ಕಾಯುವದೂ ಒಕ್ಕಲಿಗನ ಕೆಲಸ, ಸರಕಾರದ ಕೆಲಸ, ಅದಕ್ಕೂ ಸಭೆಗೂ ಸಂಬಂಧವೇನೆಂದು ಕೇಳುವವರು ನಮ್ಮಲ್ಲಿದ್ದಾರೆ. ಈ ಪ್ರಶ್ನೆಗೆ ಮಾತಿನಿಂದಲ್ಲ, 59 ವರುಷಗಳ ಬಾಳಿನಿಂದ ಉತ್ತರ ಕೊಟ್ಟ ಒಬ್ಬ ಸಭಾಪಾಲಕರ ಚರಿತ್ರೆಯನ್ನು ಈ ಸಲ ನಮ್ಮ ಓದುಗರ ಮುಂದಿಡುತ್ತೇವೆ.

ಯೋಹಾನ್ ಫ್ರೆಡೆರಿಕ್ ಓಬರ್ಲಿನ್ ಎಂಬವರು 1740ನೆಯ ಇಸವಿಯ ಆಗಸ್ಟ್ 31ರಂದು ರೈನ್ ನದಿಯ ಬಳಿಯಲ್ಲಿರುವ ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ ಹುಟ್ಟಿದರು. ಆಲ್ಸಾಸ್ ಎಂಬ ಆ ಸೀಮೆಯು ಜರ್ಮನ್ ಮಾತಾಡುವ ಜನರಿಂದ ತುಂಬಿದ್ದರೂ ಆಗ ಫ್ರಾನ್ಸ್ ದೇಶದ ಅರಸನಿಗೆ ಒಳಪಟ್ಟಿತ್ತು. ತಂದೆಯು ಅಲ್ಲಿಯ ದೊಡ್ಡ ಶಾಲೆಯಲ್ಲಿ ಉಪಾಧ್ಯಾಯನು. ಸಂಬಳ ಸ್ವಲ್ಪ, ಮಕ್ಕಳು ಬಹಳ. ಆದರೂ ಆ ಮನೆಯಲ್ಲಿ ದೇವಭಯವೂ ಸಂತೋಷವೂ ಕಡಿಮೆಯಾಗಿರಲಿಲ್ಲ. ಒಂದು ದಿನ ಸಂತೆಯಲ್ಲಿ ತುಂಟ ಹುಡುಗರು ಒಬ್ಬ ಬಡ ಹೆಂಗಸಿನ ತಲೆಯ ಮೇಲಿದ್ದ ಮೊಟ್ಟೆಯ ಬುಟ್ಟಿಯನ್ನು ಕೆಡವಿದರು. ಅದನ್ನು ಕಂಡ ಬಾಲಕ ಓಬರ್ಲಿನನು ಮನೆಗೆ ಓಡಿ, ತಾನು ಕೂಡಿಸಿಟ್ಟಿದ್ದ ಕಾಸಿನ ಪೆಟ್ಟಿಗೆಯನ್ನು ತಂದು ಆಕೆಯ ಕೈಯಲ್ಲಿ ಬರಿದುಮಾಡಿದನೆಂದು ಹೇಳುತ್ತಾರೆ. ಕೆಟ್ಟದ್ದನ್ನು ಕಂಡು ಮರುಗುವದು ಮಾತ್ರ ಸಾಲದು, ಕೆಟ್ಟದ್ದನ್ನು ಸರಿಪಡಿಸಲು ತನ್ನ ಗಂಟಿನಿಂದ ಕೊಡಬೇಕೆಂಬ ಗುಣವು ಹೀಗೆ ಚಿಕ್ಕಂದಿನಲ್ಲಿಯೇ ತೋರಿಬಂತು.

ದೇವಶಾಸ್ತ್ರವನ್ನು ಓದುತ್ತಿದ್ದಾಗ, 1760ನೆಯ ಇಸವಿಯ ಜನವರಿ 1ರಂದು, ತನ್ನ ಪ್ರಾಣವನ್ನೂ ಶರೀರವನ್ನೂ ಸಮಯವನ್ನೂ ದೇವರಿಗೆ ಒಪ್ಪಿಸಿದ್ದೇನೆಂದು ಅವರು ಒಂದು ಒಡಂಬಡಿಕೆಯನ್ನು ಬರೆದು ಅದಕ್ಕೆ ಸಹಿ ಹಾಕಿದರು. ಹತ್ತು ವರುಷಗಳ ಮೇಲೆ ಅದನ್ನು ತಿರಿಗಿ ಸ್ಥಿರಪಡಿಸಿದರು. ಆ ನಡುವೆ ಕೆಲವು ಕಾಲ ಜೀಗನ್‌ಹಾಗನ್ ಎಂಬ ಶಸ್ತ್ರವೈದ್ಯನ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಅಲ್ಲಿದ್ದಾಗ ಔಷಧದ ವಿಷಯವನ್ನೂ ಗಿಡಮೂಲಿಕೆಗಳ ವಿಷಯವನ್ನೂ ಕಲಿತುಕೊಂಡರು. ಸುವಾರ್ತೆ ಸಾರುವವನಿಗೆ ಈ ವಿದ್ಯೆ ಯಾತಕ್ಕೆಂದು ಆಗ ಯಾರಾದರೂ ಕೇಳಿರಬಹುದು. ದೇವರು ತನ್ನ ಸೇವಕನನ್ನು ಮುಂದೆ ಕಳುಹಿಸಬೇಕೆಂದಿದ್ದ ಸ್ಥಳಕ್ಕೆ ಅದೇ ಅಗತ್ಯವಾಗಿತ್ತು.

ಸ್ಟ್ರಾಸ್‌ಬರ್ಗಿನ ನೈಋತ್ಯಕ್ಕೆ ವೋಜ್ ಎಂಬ ಬೆಟ್ಟಗಳ ನಡುವೆ ಸ್ಟೈನ್‌ತಾಲ್ ಎಂಬ ಒಂದು ಸೀಮೆಯುಂಟು. ಆ ಹೆಸರಿಗೆ ಕಲ್ಲುಕಣಿವೆ ಎಂದು ಅರ್ಥ. ವಾಲ್ಡರ್ಸ್‌ಬಾಕ್, ಫೂದೆ, ಬೆಲ್ಮೊಂ ಮೊದಲಾದ ಸಣ್ಣ ಹಳ್ಳಿಗಳು ಅಲ್ಲಿದ್ದವು. ನೆಲವು ಕಲ್ಲು, ಚಳಿಗಾಲವು ದೀರ್ಘ, ದಾರಿಯೆಂಬದು ಇಲ್ಲ. ಬೆಳೆ ಕೆಟ್ಟ ವರುಷಗಳಲ್ಲಿ ಜನರು ಕಾಡಿನ ಹುಳಿಹಣ್ಣುಗಳನ್ನು ತಿಂದು ಜೀವ ಹಿಡಿಯುತ್ತಿದ್ದರು. ಓಬರ್ಲಿನರಿಗಿಂತ ಮುಂಚೆ ಅಲ್ಲಿದ್ದ ಸ್ಟೂಬರ್ ಎಂಬ ಸಭಾಪಾಲಕರು ಮೊದಲ ಸಲ ಶಾಲೆಯನ್ನು ನೋಡಲು ಹೋದಾಗ, ಮಕ್ಕಳು ಒಂದು ಕೋಣೆಯಲ್ಲಿ ಗದ್ದಲ ಮಾಡುತ್ತಿದ್ದರು, ಒಬ್ಬ ಮುದುಕನು ಮೂಲೆಯ ಹಾಸಿಗೆಯಲ್ಲಿ ಮಲಗಿದ್ದನು. ವಿಚಾರಿಸಲಾಗಿ ಅವನೇ ಶಾಲೆಯ ಉಪಾಧ್ಯಾಯನೆಂದು ತಿಳಿಯಿತು. ಅವನು ಮಕ್ಕಳಿಗೆ ಏನೂ ಕಲಿಸುತ್ತಿರಲಿಲ್ಲ, ಯಾಕಂದರೆ ಅವನಿಗೆ ಏನೂ ಬರುತ್ತಿರಲಿಲ್ಲ. ಮೊದಲು ಊರಿನ ಹಂದಿಗಳನ್ನು ಕಾಯುತ್ತಿದ್ದವನು ವಯಸ್ಸಾಗಿ ಆ ಕೆಲಸಕ್ಕೆ ಶಕ್ತಿ ಸಾಲದೆ ಹೋದುದರಿಂದ ಊರವರು ಅವನನ್ನು ಮಕ್ಕಳನ್ನು ಕಾಯಲಿಕ್ಕೆ ಇಟ್ಟಿದ್ದರು. ಓದುಗರು ಇದನ್ನು ಕೇಳಿ ನಗಬಹುದು. ಆದರೆ ಮಕ್ಕಳನ್ನು ಯಾರ ಕೈಗೆ ಒಪ್ಪಿಸುತ್ತೇವೆಂಬದನ್ನು ನೋಡಿದರೆ ಒಂದು ಊರು ತನ್ನ ಮುಂದಣ ಕಾಲವನ್ನು ಎಷ್ಟು ಬೆಲೆಯುಳ್ಳದ್ದಾಗಿ ಎಣಿಸುತ್ತದೆಂದು ತಿಳಿಯಬಹುದು.

ಸ್ಟೂಬರ್ ಅಯ್ಯನವರು ಅನೇಕ ಸುಧಾರಣೆಗಳನ್ನು ಮಾಡಿ, ಪಟ್ಟಣಕ್ಕೆ ಹೋಗಬೇಕಾಗಿ ಬಂದಾಗ ತಮ್ಮ ತರುವಾಯ ಬರತಕ್ಕವನನ್ನು ಹುಡುಕಿದರು. ಅವರು ಓಬರ್ಲಿನರನ್ನು ಕಂಡದ್ದು ಸ್ಟ್ರಾಸ್‌ಬರ್ಗಿನ ಒಂದು ಅಟ್ಟದ ಕೋಣೆಯಲ್ಲಿ. ಹಾಸಿಗೆಗೆ ಕಾಗದದ ಪರದೆ ಕಟ್ಟಿತ್ತು. ದೀಪದ ಮೇಲೆ ಒಂದು ಸಣ್ಣ ಪಾತ್ರೆ ತೂಗುತ್ತಿತ್ತು, ರಾತ್ರಿಯ ಊಟ ಅದರಲ್ಲಿ ಬೇಯುತ್ತಿತ್ತು. ಇಷ್ಟರಲ್ಲಿ ತೃಪ್ತನಾಗಿ ಇರತಕ್ಕವನೇ ಕಲ್ಲುಕಣಿವೆಗೆ ತಕ್ಕವನೆಂದು ಸ್ಟೂಬರರು ತಿಳಿದುಕೊಂಡರು. ಓಬರ್ಲಿನರು ದಂಡಿನ ಬೋಧಕರಾಗಿ ಹೋಗುವದಕ್ಕೆ ಸಿದ್ಧರಾಗಿದ್ದರು. ಆದರೆ ಈ ಬಡ ಜನರ ಸಂಗತಿಯನ್ನು ಕೇಳಿ, ತಮ್ಮ ಸ್ಥಾನಕ್ಕೆ ಬೇರೊಬ್ಬನು ಸಿಕ್ಕಿದ ಮೇಲೆ ಆ ಕರೆಗೆ ಒಪ್ಪಿಕೊಂಡರು. 1767ನೆಯ ಇಸವಿಯ ಮಾರ್ಚ್ 30ರಂದು ವಾಲ್ಡರ್ಸ್‌ಬಾಕನ್ನು ಸೇರಿದರು. ಆಗ ಅವರಿಗೆ 26 ವರುಷ. ಮುಂದೆ ಮರಣದ ತನಕ ಅಲ್ಲಿಂದ ಕದಲಲಿಲ್ಲ.

ಆರಂಭದಲ್ಲಿ ಜನರು ಅವರನ್ನು ಪ್ರೀತಿಯಿಂದ ಅಂಗೀಕರಿಸಲಿಲ್ಲ. ತಮ್ಮ ಹಳೇ ನಡವಳಿಕೆಗಳನ್ನು ಕೆಡಿಸಲು ಬಂದವನೆಂದು ಕೆಲವರು ಅವರನ್ನು ಹೊಂಚುಹಾಕಿ ಹೊಡೆಯಬೇಕೆಂದು ಗೊತ್ತುಮಾಡಿದರು. ಅಯ್ಯನವರಿಗೆ ಇದು ತಿಳಿಯಿತು. ಆ ಭಾನುವಾರ ಅವರು ಕೇಡಿಗೆ ಪ್ರತಿಯಾಗಿ ಕೇಡು ಮಾಡಬಾರದೆಂಬ ಕರ್ತನ ಬೋಧನೆಯನ್ನೇ ಪ್ರಸಂಗಿಸಿ, ಆರಾಧನೆ ಮುಗಿದ ಮೇಲೆ ಹೊಂಚುಗಾರರು ಕೂಡಿದ್ದ ಮನೆಗೆ ತಾವಾಗಿ ಹೋಗಿ, ಗುಟ್ಟಾಗಿ ಹೊಡೆಯುವದಕ್ಕಿಂತ ಬಹಿರಂಗವಾಗಿ ಹೊಡೆಯುವದು ಲೇಸೆಂದು ಅವರ ಕೈಗೆ ತಮ್ಮನ್ನು ಒಪ್ಪಿಸಿದರು. ಅವರು ನಾಚಿ ಕ್ಷಮೆ ಬೇಡಿಕೊಂಡರು.

ಆ ಕಣಿವೆಯಿಂದ ಸ್ಟ್ರಾಸ್‌ಬರ್ಗಿನ ಹೆದ್ದಾರಿಗೆ ಹೋಗಲು ದಾರಿಯಿರಲಿಲ್ಲ. ಬ್ರೂಶ್ ಎಂಬ ಹೊಳೆಯು ಅಡ್ಡವಾಗಿತ್ತು. ದಾರಿ ಮಾಡೋಣವೆಂದು ಅಯ್ಯನವರು ಹೇಳಿದಾಗ, ಬಂಡೆ ಒಡೆಯುವದೂ ಸೇತುವೆ ಕಟ್ಟುವದೂ ತಮ್ಮಿಂದಾಗದೆಂದು ಜನರು ತಲೆಯಾಡಿಸಿದರು. ಆಗ ಅವರು ಹೆಚ್ಚು ಮಾತಾಡದೆ ಗುದ್ದಲಿಯನ್ನು ಹೆಗಲ ಮೇಲೆ ಇಟ್ಟುಕೊಂಡು ಹೊರಟು, ಎಲ್ಲಕ್ಕಿಂತ ಕಷ್ಟವಾದ ಜಾಗವನ್ನು ತಾವೇ ಆರಿಸಿಕೊಂಡು ಅಗೆಯತೊಡಗಿದರು. ಒಬ್ಬೊಬ್ಬರಾಗಿ ಜನರು ಹಿಂದೆ ಬಂದರು. ದಾರಿಯಾಯಿತು, ಸೇತುವೆಯೂ ಆಯಿತು.

ಆದರೆ ದಾರಿ ಮಾಡಿದಷ್ಟು ಸುಲಭವಾಗಿ ಮಣ್ಣನ್ನು ಸರಿಪಡಿಸಲು ಆಗಲಿಲ್ಲ. ಪಟ್ಟಣದಲ್ಲಿ ಹುಟ್ಟಿ ಪುಸ್ತಕ ಓದಿದವನಿಗೆ ಬೇಸಾಯದ ವಿಷಯ ಏನು ತಿಳಿದೀತೆಂದು ರೈತರು ಅಂದುಕೊಂಡರು. ಇದು ಎಲ್ಲಾ ದೇಶಗಳ ರೈತರೂ ಅಂದುಕೊಳ್ಳುವ ಮಾತೇ ಸರಿ. ಅಯ್ಯನವರು ಅವರ ಸಂಗಡ ವಾದಿಸಲಿಲ್ಲ. ಅವರ ಮನೆಗೆ ಸೇರಿದ ಎರಡು ತೋಟಗಳಿದ್ದವು. ಅವುಗಳ ನೆಲವು ಬಹಳ ಕೆಟ್ಟದ್ದು. ಆದರೆ ಊರವರು ನಿತ್ಯವೂ ನಡೆಯುವ ಕಾಲುದಾರಿ ಅವುಗಳ ನಡುವೆ ಹಾದುಹೋಗುತ್ತಿತ್ತು. ಆ ಕಾರಣದಿಂದಲೇ ಅವರು ಆ ತೋಟಗಳನ್ನು ಆರಿಸಿಕೊಂಡರು. ತಮ್ಮ ಆಳಿನ ಸಂಗಡ ನಾಲ್ಕೈದು ಅಡಿ ಆಳದ ಕಂದಕಗಳನ್ನು ತೋಡಿ, ಒಳ್ಳೇ ಮಣ್ಣನ್ನೂ ಗೊಬ್ಬರವನ್ನೂ ತುಂಬಿ, ಸೇಬು, ಪೇರು, ಚೆರ್ರಿ ಮೊದಲಾದ ಹಣ್ಣಿನ ಸಸಿಗಳನ್ನು ನೆಟ್ಟರು. ಹೋಗುವವರು ಬರುವವರು ನೋಡಿ ನಕ್ಕರು. ಕೆಲವು ವರುಷಗಳಾದ ಮೇಲೆ ಅದೇ ಕೊಂಬೆಗಳಲ್ಲಿ ಹಣ್ಣು ತೂಗುವದನ್ನು ಕಂಡು ನಿಂತರು. ತಮ್ಮ ಹೊಲದ ನೆಲದಲ್ಲಿ ಹುಳಿಹಣ್ಣೇ ಕಷ್ಟದಿಂದ ಬರುತ್ತಿರಲು ಇಂಥ ಹಣ್ಣು ಇಲ್ಲಿ ಹೇಗೆ ಬಂತೆಂದು ತಾವಾಗಿಯೇ ಬಂದು ಕೇಳಿದರು. ಆಗ ಅಯ್ಯನವರು ಮೊದಲು ಬೆಳೆ ಕೊಡುವ ದೇವರ ವಿಷಯವನ್ನು ಹೇಳಿ, ಬಳಿಕ ಗುಂಡಿ ತೋಡುವ ವಿಷಯವನ್ನೂ ಕಸಿ ಕಟ್ಟುವ ವಿಷಯವನ್ನೂ ಹೇಳಿಕೊಟ್ಟರು. ಬರಬರುತ್ತಾ ಬೋಳಾಗಿದ್ದ ಮನೆಗಳ ಸುತ್ತಲೂ ಹಣ್ಣಿನ ಗಿಡಗಳು ಎದ್ದವು.

ಆ ಸೀಮೆಯ ಮುಖ್ಯ ಆಹಾರವಾಗಿದ್ದ ಆಲೂಗಡ್ಡೆಯ ಬೀಜವು ಹಳತಾಗಿ ಬೆಳೆಯು ಮೂರರಲ್ಲೊಂದು ಪಾಲಿಗೆ ಇಳಿದಿತ್ತು. ಜನರು ನೆಲವನ್ನು ದೂರುತ್ತಿದ್ದರು. ಅಯ್ಯನವರು ಹೊರಸೀಮೆಗಳಿಂದ ಹೊಸ ಬೀಜವನ್ನು ತರಿಸಿದರು. ಮುಂದೆ ಕಲ್ಲುಕಣಿವೆಯ ಗಡ್ಡೆಗಳಿಗೆ ಸ್ಟ್ರಾಸ್‌ಬರ್ಗಿನ ಸಂತೆಯಲ್ಲಿಯೂ ಹೆಸರಾಯಿತು. ಗೊಬ್ಬರದ ವಿಷಯದಲ್ಲಿ ಯಾವದನ್ನೂ ಎಸೆಯಬಾರದೆಂದು ಕಲಿಸಿದರು. ಉದುರಿದ ಎಲೆ, ಪಾಚಿ, ದೇವದಾರು ಜಾತಿಯ ಮರಗಳ ಕಾಯಿ, ಇವೆಲ್ಲವನ್ನೂ ಕೊಳೆಹಾಕಿಸಿದರು. ಹಳೇ ಉಣ್ಣೆಬಟ್ಟೆಯನ್ನೂ ಹರಕು ಜೋಡನ್ನೂ ಚೂರುಚೂರು ಮಾಡುವ ಕೆಲಸವನ್ನು ಚಿಕ್ಕ ಮಕ್ಕಳಿಗೆ ಕೊಟ್ಟು ಅದಕ್ಕಾಗಿ ಅವರಿಗೆ ಕಾಸು ಕೊಡುತ್ತಿದ್ದರು. ಐದು ರೊಟ್ಟಿಗಳಿಂದ ಬಹುಜನರನ್ನು ತೃಪ್ತಿಪಡಿಸಿದ ಕರ್ತನೇ ಉಳಿದ ತುಂಡುಗಳನ್ನು ವ್ಯರ್ಥವಾಗಗೊಡದೆ ಕೂಡಿಸಬೇಕೆಂದು ಅಪ್ಪಣೆಮಾಡಿದನಲ್ಲವೇ? ಆ ಅಪ್ಪಣೆಯನ್ನು ಈ ಮಕ್ಕಳು ತಮ್ಮ ಕೈಬೆರಳುಗಳಿಂದ ಕಲಿತರು.

ಇನ್ನು ನಮ್ಮ ಚರಿತ್ರೆಯ ಮುಖ್ಯ ಭಾಗಕ್ಕೆ ಬರುತ್ತೇವೆ. ತಾಯಿತಂದೆಗಳು ಹೊಲಕ್ಕೆ ಹೋದಾಗ ಶಾಲೆಗೆ ಹೋಗಲಾರದಷ್ಟು ಚಿಕ್ಕ ಮಕ್ಕಳು ಬೀದಿಯಲ್ಲಿ ಅಲೆಯುತ್ತಿದ್ದರು. ಬೆಲ್ಮೊಂ ಹಳ್ಳಿಯ ಸಾರಾ ಬಾನ್ಸೆ ಎಂಬ ಯೌವನಸ್ಥಳು ಇಂಥ ಮಕ್ಕಳನ್ನು ಕೂಡಿಸಿ ಹೆಣಿಗೆ ಕಲಿಸುತ್ತಿದ್ದಳು. ಅಯ್ಯನವರೂ ಅವರ ಪತ್ನಿಯಾದ ಸಾಲೊಮೆ ಅಮ್ಮನವರೂ ಇದನ್ನು ಕಂಡು ಸಂತೋಷಪಟ್ಟು, ಬೇರೆ ಹಳ್ಳಿಗಳಲ್ಲಿಯೂ ಇಂಥ ಶಿಶುಶಾಲೆಗಳನ್ನು ಏರ್ಪಡಿಸಿದರು. ಯೂರೋಪಿನ ಶಿಶುಶಾಲೆಗಳಲ್ಲಿ ಇವು ಮೊದಲನೆಯವುಗಳೆಂದು ಎಣಿಸಲ್ಪಡುತ್ತವೆ. ಸಾರಾ 1774ರಲ್ಲಿ ಚಿಕ್ಕ ಪ್ರಾಯದಲ್ಲಿಯೇ ತೀರಿಕೊಂಡಳು. ಬಳಿಕ ಲೂಯಿಸಾ ಶೆಪ್ಲರ್ ಎಂಬ ರೈತನ ಮಗಳು ಅಯ್ಯನವರ ಮನೆಗೆ ಸೇವೆಗಾಗಿ ಬಂದು ಈ ಕೆಲಸದಲ್ಲಿ ಸೇರಿದಳು. 1783ರಲ್ಲಿ ಸಾಲೊಮೆ ಅಮ್ಮನವರು ತೀರಿಕೊಂಡ ಮೇಲೆ ಅವಳು ಸಂಬಳ ಬೇಡವೆಂದು ಹೇಳಿ, ತಾಯಿಯಿಲ್ಲದ ಆ ಮಕ್ಕಳನ್ನು ಸಾಕಿದಳು. ಹಿಮದಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದು ಶಿಶುಶಾಲೆಗಳನ್ನು ನಡಿಸಿದಳು. 1829ರಲ್ಲಿ ಫ್ರೆಂಚ್ ಅಕಾಡೆಮಿಯು ಅವಳಿಗೆ 5,000 ಫ್ರಾಂಕುಗಳ ಬಹುಮಾನವನ್ನು ಕೊಟ್ಟಾಗ ಅದನ್ನೂ ಅವಳು ಪರೋಪಕಾರಕ್ಕೇ ಉಪಯೋಗಿಸಿದಳು.

ಆ ಶಾಲೆಗಳಲ್ಲಿ ಮಕ್ಕಳು ಕಲಿತದ್ದೇನು? ಸತ್ಯವೇದದ ಕಥೆಗಳನ್ನೂ ಕೀರ್ತನೆಗಳನ್ನೂ ಪ್ರಾರ್ಥನೆಯನ್ನೂ ಕಲಿತರು. ಅದರ ಸಂಗಡ ತಮ್ಮ ಕಣಿವೆಯ ಗಿಡಗಳನ್ನೂ ಪಕ್ಷಿಗಳನ್ನೂ ಪ್ರಾಣಿಗಳನ್ನೂ ಗುರುತು ಹಿಡಿಯಲು ಕಲಿತರು. ಮೊದಲು ಚಿತ್ರವನ್ನು ತೋರಿಸಿ ಹೆಸರನ್ನು ಹೇಳಿಕೊಡುತ್ತಿದ್ದರು. ಹವೆ ಚೆನ್ನಾಗಿದ್ದಾಗ ಉಪಾಧ್ಯಾಯಿನಿಯು ಮಕ್ಕಳನ್ನು ಅಡವಿಗೂ ಹುಲ್ಲುಗಾವಲಿಗೂ ಕರೆದುಕೊಂಡು ಹೋಗಿ, ಆ ಗಿಡವನ್ನು ಅವರೇ ಹುಡುಕುವಂತೆ ಮಾಡುತ್ತಿದ್ದಳು. ಯಾವದು ತಿನ್ನತಕ್ಕದ್ದು, ಯಾವದು ಔಷಧ, ಯಾವದು ವಿಷವೆಂದು ತಿಳಿಸುತ್ತಿದ್ದಳು. ಮಕ್ಕಳು ಅವುಗಳ ಚಿತ್ರ ಬರೆದು ಬಣ್ಣ ಹಾಕುತ್ತಿದ್ದರು. ದೊಡ್ಡ ಶಾಲೆಯ ಮಕ್ಕಳು ಬೇಸಾಯದ ವಿಷಯವಾಗಿಯೂ ಮರಗಳನ್ನು ನೆಡುವ ವಿಷಯವಾಗಿಯೂ ಪಾಠಗಳನ್ನು ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದರು. ಅಯ್ಯನವರು ಒತ್ತಿ ಒಣಗಿಸಿ ಕೂಡಿಸಿಟ್ಟ ಗಿಡಗಳೂ ಕಲ್ಲುಗಳೂ ಬೋಧನೆಗೆ ಬಳಸಿದ ಸಾಮಾನುಗಳೂ ವಾಲ್ಡರ್ಸ್‌ಬಾಕಿನ ವಸ್ತುಸಂಗ್ರಹಾಲಯದಲ್ಲಿ ಕಾಪಾಡಲ್ಪಟ್ಟಿವೆ.

ಹೆಸರು ಕಲಿಸುವದರಲ್ಲಿ ಏನು ಪ್ರಯೋಜನವೆಂದು ಕೇಳಬಾರದು. ದೇವರು ಆದಾಮನಿಗೆ ಮೊದಲು ಕೊಟ್ಟ ಕೆಲಸಗಳಲ್ಲಿ ಪ್ರಾಣಿಗಳಿಗೆ ಹೆಸರಿಡುವದೂ ಒಂದಾಗಿತ್ತು. ಹೆಸರು ತಿಳಿಯದ ಗಿಡವು ಮಗುವಿಗೆ ಬರೀ ಕಸವಾಗಿದೆ. ಹೆಸರು ತಿಳಿದ ಗಿಡವು ನೆರೆಯವನ ಹಾಗೆ ಪರಿಚಿತವಾಗುತ್ತದೆ. ಪರಿಚಿತನಾದ ನೆರೆಯವನನ್ನು ಸುಮ್ಮಸುಮ್ಮನೆ ಹೊಡೆಯುವವನು ಯಾರು?

ಇಷ್ಟಕ್ಕೇ ಓಬರ್ಲಿನ್ ಅಯ್ಯನವರು ನಿಲ್ಲಲಿಲ್ಲ. ಅವರ ಸಭೆಯಲ್ಲಿ ಯೌವನಸ್ಥರು ದೃಢೀಕರಣ ಹೊಂದಿ ಕರ್ತನ ಭೋಜನಕ್ಕೆ ಸೇರುವ ಮೊದಲು, ಇಬ್ಬರ ಮುಂದೆ ಪರೀಕ್ಷೆ ಕೊಡಬೇಕಾಗಿತ್ತೆಂದು ಹೇಳಬಹುದು. ಒಂದು ಪರೀಕ್ಷೆ ಬೋಧಕರ ಮುಂದೆ, ಬಾಯಿಂದ ಹೇಳುವ ನಂಬಿಕೆಯ ಪರೀಕ್ಷೆ. ಇನ್ನೊಂದು ಭೂಮಿಯ ಮುಂದೆ. ಗೊತ್ತಾದ ಸ್ಥಳದಲ್ಲಿ ತಾನು ಎರಡು ಎಳೇ ಮರಗಳನ್ನು ನೆಟ್ಟಿದ್ದೇನೆಂದು ತೋರಿಸುವ ಪತ್ರವನ್ನು ಪ್ರತಿಯೊಬ್ಬ ಹುಡುಗನೂ ಹುಡುಗಿಯೂ ತಂದೆತಾಯಿಗಳಿಂದ ಬರೆಯಿಸಿಕೊಂಡು ತರಬೇಕಾಗಿತ್ತು. ಒಡೆಯನ ಮಗನಿಗೂ ಕೂಲಿಯವನ ಮಗನಿಗೂ ಇದೊಂದೇ ನಿಯಮ. ಪುಸ್ತಕದ ಪಾಠ ಬಾರದ ಮಂದಬುದ್ಧಿಯ ಹುಡುಗನೂ ಇದನ್ನು ಮಾಡಬಲ್ಲನು. ಬಾಯಿಪಾಠದಲ್ಲಿ ಮುಂದಾದ ಹುಡುಗನೂ ಇದನ್ನು ತಪ್ಪಿಸಿಕೊಳ್ಳಲಾರನು.

ಇಲ್ಲಿ ನಮ್ಮ ಓದುಗರಲ್ಲಿ ಕೆಲವರಿಗೆ ಒಂದು ಸಂದೇಹ ಹುಟ್ಟಬಹುದು. ನಂಬಿಕೆಯಿಂದ ಮಾತ್ರವೇ ರಕ್ಷಣೆ ಎಂದು ನಾವು ಕಲಿತಿದ್ದೇವೆ. ಹೀಗಿರಲಾಗಿ ಮರ ನೆಡದವನನ್ನು ಕರ್ತನ ಮೇಜಿನಿಂದ ತಡೆಯುವದು ನಂಬಿಕೆಗೆ ಕ್ರಿಯೆಯನ್ನು ಕೂಡಿಸಿದ ಹಾಗಾಗಲಿಲ್ಲವೇ? ಮರ ನೆಡುವದೇ ಪುಣ್ಯವೆಂಬ ನಮ್ಮ ಸುತ್ತಣವರ ಮಾತಿಗೂ ಇದಕ್ಕೂ ಭೇದವೇನು? ಈ ಸಂದೇಹವನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಆದರೆ ಓಬರ್ಲಿನ್ ಅಯ್ಯನವರು ಮರದಿಂದ ಯಾರಿಗೂ ರಕ್ಷಣೆಯನ್ನು ವಾಗ್ದಾನಮಾಡಲಿಲ್ಲ. ಕ್ರಿಸ್ತನ ಕೃಪೆಯೊಂದನ್ನೇ ಅವರು ಪ್ರಸಂಗಿಸಿದರು. ನಮಗೆ ತೋರುವದೇನಂದರೆ, ದೃಢೀಕರಣವೆಂಬದು ಇದುವರೆಗೆ ಪಡೆಯುತ್ತಾ ಬಂದ ಮಗು ಇನ್ನು ಮುಂದೆ ಕೊಡುವವನಾಗುವೆನೆಂದು ಸಭೆಯ ಮುಂದೆ ಒಪ್ಪಿಕೊಳ್ಳುವ ದಿನವಾಗಿದೆ. ಅವನು ತಿಂದ ಹಣ್ಣು, ಕೂತ ನೆರಳು, ಮನೆಯ ತೊಲೆ, ಇವೆಲ್ಲವೂ ಅವನಿಗಿಂತ ಮುಂಚೆ ಇದ್ದವರು ಕೊಟ್ಟವು. ಎರಡು ಸಸಿಗಳನ್ನು ನೆಡುವವನು ತಾನು ಇನ್ನೂ ನೋಡದ ಮಕ್ಕಳಿಗಾಗಿ ಕೆಲಸ ಮಾಡುತ್ತಾನೆ. ಕಾಣದೆ ಇರುವದನ್ನು ನಂಬುವದೂ, ಪ್ರತಿಫಲ ಕೊಡಲಾರದವರಿಗೆ ಉಪಕಾರಮಾಡುವದೂ ನಂಬಿಕೆಯ ಗುರುತುಗಳಲ್ಲವೋ? ಒಳ್ಳೇ ಮರದಿಂದ ಒಳ್ಳೇ ಫಲ ಬರುವದೆಂದು ಕರ್ತನು ಹೇಳಿದ್ದಾನಷ್ಟೆ. ಫಲವು ಮರವನ್ನು ಹುಟ್ಟಿಸುವದಿಲ್ಲ, ಮರವು ಬದುಕಿದೆಯೆಂದು ತೋರಿಸುತ್ತದೆ.

ಇದಲ್ಲದೆ ಮನುಷ್ಯನನ್ನು ತೋಟದಲ್ಲಿ ಇಟ್ಟಾಗ ದೇವರು ಅವನಿಗೆ ಎರಡು ಕೆಲಸಗಳನ್ನು ಕೊಟ್ಟನೆಂದು ಆದಿಕಾಂಡದ ಎರಡನೆಯ ಅಧ್ಯಾಯದಿಂದ ತಿಳಿಯುತ್ತದೆ. ವ್ಯವಸಾಯ ಮಾಡುವದು ಒಂದು, ಕಾಯುವದು ಇನ್ನೊಂದು. ಮೊದಲನೆಯದನ್ನು ಹೊಟ್ಟೆಯೇ ನಮಗೆ ಕಲಿಸುತ್ತದೆ. ಎರಡನೆಯದನ್ನು ಯಾರಾದರೂ ಕಲಿಸಬೇಕು, ಅದೂ ಚಿಕ್ಕಂದಿನಲ್ಲಿಯೇ ಕಲಿಸಬೇಕು. ಈ ಎರಡನೆಯ ಕೆಲಸವನ್ನು ಸಭೆಯು ತನ್ನ ಬೋಧನೆಯಲ್ಲಿ ಸೇರಿಸಿಕೊಳ್ಳಬೇಕೆಂಬದೇ ಅಯ್ಯನವರ ನಿಯಮದ ಸಾರ.

ಅವರ ಈ ಪ್ರೀತಿಯು ಗಿಡಮರಗಳಿಗೆ ಮಾತ್ರ ತಗಲಿದ್ದಲ್ಲ. ಸಕ್ಕರೆಯೂ ಕಾಫಿಯೂ ಗುಲಾಮರ ಕಣ್ಣೀರಿನಿಂದ ಬೆಳೆದವುಗಳೆಂದು ತಿಳಿದು ಅವರು ಅವುಗಳನ್ನು ಬಿಟ್ಟರು. ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಆರಾಧನೆಗಳು ನಿಷೇಧಿಸಲ್ಪಟ್ಟಾಗ ಪ್ರಾಣಭಯದಿಂದ ಓಡಿಬಂದ ಅನೇಕರಿಗೆ ಆಶ್ರಯ ಕೊಟ್ಟರು. 1794ರಲ್ಲಿ ತಾವೇ ಹಿಡಿಯಲ್ಪಟ್ಟು ಸ್ವಲ್ಪ ದಿನಗಳಲ್ಲಿ ಬಿಡುಗಡೆ ಹೊಂದಿದರು. ಸೃಷ್ಟಿಯನ್ನು ಕಾಯುವವನು ಮನುಷ್ಯನನ್ನು ಮರೆತರೆ ಅದು ನಿಜವಾದ ಕಾಯುವಿಕೆಯಲ್ಲ.

ಅಡವಿಯ ವಿಷಯದಲ್ಲಿ ಆ ಕಣಿವೆಯವರಿಗೆ ಒಂದು ದೊಡ್ಡ ಗಾಯವಿತ್ತು. ಅಡವಿಯ ಹಕ್ಕುಗಳಿಗಾಗಿ ಊರವರಿಗೂ ಅಲ್ಲಿಯ ಜಮೀನುದಾರರಿಗೂ 80 ವರುಷಗಳಿಗೂ ಹೆಚ್ಚು ಕಾಲ ವ್ಯಾಜ್ಯ ನಡೆದಿತ್ತು. ಅಜ್ಜಂದಿರು ಹೂಡಿದ ವ್ಯಾಜ್ಯಕ್ಕೆ ಮೊಮ್ಮಕ್ಕಳು ಹಣ ತೆರುತ್ತಿದ್ದರು. ಅಯ್ಯನವರು ಜನರಿಗೆ ತಾಳ್ಮೆಯಿಂದ ಬುದ್ಧಿಹೇಳಿ, ಅಧಿಕಾರಿಗಳ ಸಹಾಯದಿಂದ 1813ರಲ್ಲಿ ಅದನ್ನು ರಾಜಿಮಾಡಿಸಿದರು. ರಾಜಿಪತ್ರಕ್ಕೆ ಸಹಿ ಹಾಕಿದ ಲೇಖನಿಯನ್ನು ಊರುಗಳ ಮುಖ್ಯಸ್ಥರು ತಂದು ಅವರಿಗೆ ಕಾಣಿಕೆಯಾಗಿ ಕೊಟ್ಟರು. ಅದನ್ನು ಅವರು ತಮ್ಮ ಓದುವ ಕೋಣೆಯಲ್ಲಿ ಇಟ್ಟುಕೊಂಡರು. ಬದುವಿಗಾಗಿಯೂ ಗಿಡಕ್ಕಾಗಿಯೂ ಅಣ್ಣತಮ್ಮಂದಿರು ಕಚೇರಿ ಹತ್ತುವ ನಮ್ಮ ನಾಡಿನಲ್ಲಿ ಅಂಥ ಲೇಖನಿಗಳು ಎಷ್ಟೋ ಬೇಕಾಗಿವೆ.

1818ರಲ್ಲಿ ಪಾರಿಸ್ ಪಟ್ಟಣದ ರಾಜಕೀಯ ಕೃಷಿಸಂಘವು ಅವರಿಗೆ ಚಿನ್ನದ ಪದಕವನ್ನು ಕೊಟ್ಟಿತು. 1819ರಲ್ಲಿ ಅರಸನು ಲೀಜನ್ ಆಫ್ ಆನರ್ ಎಂಬ ಗೌರವವನ್ನು ಕೊಟ್ಟನು. ಆದರೆ ಕಣಿವೆಯವರು ಅವರಿಗೆ ಕೊಟ್ಟ ಹೆಸರು ಇವೆಲ್ಲವುಗಳಿಗಿಂತ ದೊಡ್ಡದು. ಅವರು ಅವರನ್ನು ಅಪ್ಪ ಎಂದು ಕರೆಯುತ್ತಿದ್ದರು. 1826ನೆಯ ಇಸವಿಯ ಜೂನ್ 1ರಂದು, 85 ವರುಷ ಪ್ರಾಯದವರಾಗಿ, ಅವರು ಕರ್ತನಲ್ಲಿ ನಿದ್ರೆಹೋದರು. ಫೂದೆ ಹಳ್ಳಿಯ ದೇವಾಲಯದ ಅಂಗಳದಲ್ಲಿ ಅವರ ಶರೀರವನ್ನು ಹೂಣಿಟ್ಟ ದಿನ ಕಣಿವೆಯ ಜನರೆಲ್ಲರೂ ಕೂಡಿಬಂದರು. ರೋಮನ್ ಸಭೆಗೆ ಸೇರಿದ ನೆರೆಯವರೂ ಅತ್ತರು. ಶವದ ಹಿಂದೆ ನಡೆದ ಅಜ್ಜಂದಿರಲ್ಲಿ ಅನೇಕರು ಒಂದಾನೊಂದು ಕಾಲದಲ್ಲಿ ಎರಡೆರಡು ಸಸಿಗಳ ಪತ್ರವನ್ನು ಅವರ ಕೈಗೆ ಕೊಟ್ಟ ಮಕ್ಕಳೇ ಆಗಿದ್ದರು.

ಓಬರ್ಲಿನರು ಇದ್ದ ಸೀಮೆಗೂ ನಮಗೂ ಬಹಳ ದೂರವೆಂದು ಯಾರೂ ನೆನಸಬಾರದು. ಅವರ ಕಡೇ ವರುಷಗಳಲ್ಲಿ ರೈನ್ ನದಿಯ ಮೇಲ್ಗಡೆಯ ಬಾಸೆಲ್ ಪಟ್ಟಣದ ಲೆಗ್ರಾನ್ ಎಂಬ ಮನೆತನದವರು ಅವರ ಕೆಲಸವನ್ನು ಮೆಚ್ಚಿ ಫೂದೆಯಲ್ಲಿ ಬಂದು ನೆಲಸಿ, ನೇಯ್ಗೆಯ ಕೆಲಸವನ್ನು ಸ್ಥಾಪಿಸಿ ಬಡವರಿಗೆ ಕೂಲಿ ಒದಗಿಸಿದರು. ಅದೇ ಬಾಸೆಲಿನಲ್ಲಿ 1815ರಲ್ಲಿ ಮಿಶನ್ ಸಂಘವು ಹುಟ್ಟಿತು. ಅದರ ಸೇವಕರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದರು. ನಮ್ಮ ಹಿರಿಯರಿಗೆ ಸುವಾರ್ತೆಯನ್ನು ತಂದವರು ಓಬರ್ಲಿನರ ನೆರೆನಾಡಿನವರೇ.

ಆದಕಾರಣ ಅವರ ನಿಯಮವು ನಮ್ಮ ಎರೆನೆಲದಲ್ಲಿಯೂ ಬೇರೂರಬಾರದೇಕೆ? ಸೇಬೂ ಚೆರ್ರಿಯೂ ಇಲ್ಲಿ ಬೆಳೆಯವು. ಆದರೆ ಬೇವು, ಹುಣಸೆ, ಹೊಂಗೆ, ಜಾಲಿಗಳು ನಮ್ಮ ನೆಲವನ್ನು ಬಲ್ಲವು. ಆಷಾಢದ ಸುಮಾರಿಗೆ ಬೇವಿನ ಹಣ್ಣುಗಳು ಉದುರುತ್ತವೆ. ಮಕ್ಕಳು ಅವನ್ನು ಆರಿಸಿ, ತಿರುಳನ್ನು ತೊಳೆದು, ನೆರಳಿನಲ್ಲಿ ಆರಿಸಿ, ಒಂದೆರಡು ವಾರಗಳೊಳಗೆ ಬಿತ್ತಲಿ. ಯಾಕಂದರೆ ಬೇವಿನ ಬೀಜವನ್ನು ಬಹುಕಾಲ ಇಟ್ಟರೆ ಮೊಳೆಯುವ ಶಕ್ತಿ ಹೋಗುತ್ತದೆ. ಹುಣಸೆಯ ಬೀಜವಾದರೋ ಬಹುಕಾಲ ತಾಳುತ್ತದೆ. ಗುಂಡಿಯನ್ನು ಬೇಸಿಗೆಯಲ್ಲಿಯೇ ತೋಡಿ ಬಿಸಿಲಿಗೆ ಬಿಡಬೇಕು. ಮಳೆ ಹಿಡಿದ ಮೇಲೆ ಗೊಬ್ಬರ ಕೂಡಿಸಿ ಸಸಿಯನ್ನು ಇಡಬೇಕು. ಆಡುಗಳು ಬಾಯಿ ಹಾಕದಂತೆ ಸುತ್ತಲೂ ಜಾಲಿಯ ಮುಳ್ಳನ್ನು ಕಟ್ಟಬೇಕು. ಬೇಸಿಗೆಯಲ್ಲಿ ಬೇರಿನ ಬಳಿಯಲ್ಲಿ ಒಂದು ಹಳೇ ಗಡಿಗೆಯನ್ನು ಹೂಳಿ ನೀರು ತುಂಬಿಟ್ಟರೆ ಅದು ಮೆಲ್ಲಮೆಲ್ಲನೆ ಜಿನುಗಿ ಸಸಿಗೆ ತಂಪು ಕೊಡುತ್ತದೆ. ಇದಕ್ಕೆ ಹಣ ಬೇಕಿಲ್ಲ, ಎರಡು ಬೇಸಿಗೆಗಳ ಜ್ಞಾಪಕ ಬೇಕು.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳುತ್ತೇವೆ. ಹಬ್ಬದ ದಿನ ಎಲ್ಲರ ಎದುರಿನಲ್ಲಿ ಸಸಿ ನೆಟ್ಟು, ಮರುದಿನದಿಂದ ಅದನ್ನು ಮರೆಯುವದು ಕಲಿಸತಕ್ಕ ಪಾಠವಲ್ಲ. ಅದು ಬಾಯಿಂದ ಅರಿಕೆಮಾಡಿ ಬಾಳಿನಲ್ಲಿ ಅಲ್ಲಗಳೆಯುವದಕ್ಕೆ ಸಮಾನ. ದೃಢೀಕರಣದ ದಿನದಲ್ಲಿ ನೆಡಿಸುವ ಬದಲು, ಮಕ್ಕಳು ಉಪದೇಶದ ವರ್ಗಕ್ಕೆ ಸೇರುವ ದಿನದಲ್ಲಿ ನೆಡಿಸೋಣ. ವರ್ಗ ಮುಗಿಯುವಾಗ ಉಪದೇಶಿಯೂ ಹಿರಿಯರೂ ಹೋಗಿ ಸಸಿಯನ್ನು ನೋಡಲಿ. ಅದು ಒಣಗಿದ್ದರೆ ಮಗುವನ್ನು ಗದರಿಸಿ ತಳ್ಳಿಬಿಡದೆ, ಇನ್ನೊಂದನ್ನು ನೆಡುವದಕ್ಕೆ ಅವನ ಸಂಗಡ ತಾವೂ ಗುದ್ದಲಿ ಹಿಡಿಯಲಿ. ಫಲಕೊಡದ ಅಂಜೂರದ ಮರವನ್ನು ಕಡಿಯದೆ, ಇನ್ನೊಂದು ವರುಷ ಅಗೆದು ಗೊಬ್ಬರ ಹಾಕುವೆನೆಂದು ಬೇಡಿಕೊಂಡ ತೋಟಗಾರನ ದೃಷ್ಟಾಂತವನ್ನು ನಮ್ಮ ಕರ್ತನು ನಮಗೆ ಕೊಟ್ಟಿದ್ದಾನಲ್ಲವೇ?

ಪ್ರಿಯ ಸಭಿಕರೇ, ಓಬರ್ಲಿನ್ ಅಯ್ಯನವರು ಕಲ್ಲುಕಣಿವೆಗೆ ಬಂದಾಗ ಅವರ ಕೈಯಲ್ಲಿ ಸತ್ಯವೇದವೂ ಗುದ್ದಲಿಯೂ ಇದ್ದವು. ಅವುಗಳಲ್ಲಿ ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಹಿಡಿಯಬೇಕೆಂದು ಅವರು ಎಂದೂ ನೆನಸಲಿಲ್ಲ. ನಮ್ಮ ಮಕ್ಕಳು ದೊಡ್ಡವರಾದಾಗ ನಾವು ಅವರಿಗೆ ಬಿಟ್ಟುಹೋದ ನೆಲವನ್ನು ನೋಡಿ ನಮ್ಮ ನಂಬಿಕೆಯನ್ನು ಅಳೆಯುವರು. ಭೂಮಿಯೂ ಅದರಲ್ಲಿರುವ ಸಮಸ್ತವೂ ಯಾವಾತನದಾಗಿದೆಯೋ ಆ ದೇವರು, ಅದನ್ನು ಕೆಡದಂತೆ ಕಾಯುವ ಮನಸ್ಸನ್ನೂ, ಕಾಯುವದಕ್ಕೆ ಮಕ್ಕಳಿಗೆ ಕಲಿಸುವ ತಾಳ್ಮೆಯನ್ನೂ ನಮ್ಮ ಹಳ್ಳಿಗಳ ಸಭೆಗಳಿಗೆಲ್ಲಾ ಅನುಗ್ರಹಿಸಲಿ.